ಗಾಳಿಯಲ್ಲೇ ಮುರಿದ ವಿಮಾನ: ಮೊದಲು ಕೈಕೊಟ್ಟ ಭಾಗವನ್ನು ಪತ್ತೆ ಮಾಡುವುದು ಹೇಗೆ?

ನಂಜನಗೂಡು ರಸ್ತೆಯ ಶೆಡ್ ಒಂದರಲ್ಲಿ ನನ್ನ ಹಳೆಯ ಶಿಷ್ಯನೊಬ್ಬ ನಾಲ್ಕು ವರ್ಷದಿಂದ ಎರಡು ಸೀಟಿನ ಕಿಟ್ ವಿಮಾನ, ಅಂದರೆ ಬಿಡಿಭಾಗ ತರಿಸಿ ತಾನೇ ಕಟ್ಟುವ ವಿಮಾನ, ಜೋಡಿಸುತ್ತಿದ್ದಾನೆ. ಅದು ಇನ್ನೂ ಹಾರಿಲ್ಲ, ಅನುಮತಿಯೂ ಬಂದಿಲ್ಲ. ಕಳೆದ ತಿಂಗಳು ಫೋನ್ ಮಾಡಿದ.

"ಮೇಷ್ಟ್ರೇ, ಸ್ಟಿಕ್ ಕಟ್ಟಿಹಾಕಿ ಐಲೆರಾನ್ ಹಿಡಿದು ಅಲ್ಲಾಡಿಸಿದ್ರೆ ಟಕ್ ಟಕ್ ಅಂತದೆ. ಮೂರು ಮಿಲಿಮೀಟರ್ ಪ್ಲೇ ಇದೆ ಅಷ್ಟೇ. ನಡೀತದಾ?"

"ನಡೆಯಲ್ಲಪ್ಪ. ಏನೂ ಬಿಚ್ಚಬೇಡ, ನಾನು ಬರ್ತೀನಿ."

ಐಲೆರಾನ್ ಅಂದರೆ ರೆಕ್ಕೆಯ ಹಿಂದಿನ ಅಂಚಿನಲ್ಲಿ ಮೇಲೆ ಕೆಳಗೆ ಆಡುವ ಪಟ್ಟಿ. ವಿಮಾನವನ್ನು ಎಡಕ್ಕೆ, ಬಲಕ್ಕೆ ವಾಲಿಸುವುದು ಅದೇ. ಪೈಲಟ್ ಅದನ್ನು ಆಡಿಸುವ ಹಿಡಿಯೇ ಸ್ಟಿಕ್. ಅಲ್ಲಿ ಮೂರು ಮಿಲಿಮೀಟರ್ ಸಡಿಲ ಇದ್ದರೆ ಏನಾಗುತ್ತದೆ ಅಂತ ಅವನಿಗೆ ಹೇಳಲು ಕೂತೆ. ಮಾತು ಬೆಳೆದು, ಮನೆಯಲ್ಲಿ ಕಟ್ಟಿದ ವಿಮಾನಗಳು ಆಕಾಶದಲ್ಲೇ ಚೂರಾಗಿ ಜನ ಸತ್ತ ಪ್ರಕರಣಗಳವರೆಗೂ ಹೋಯಿತು. ಆ ಚೂರುಗಳನ್ನು ಓದುವುದು ಹೇಗೆ ಅಂತ ಅವನು ಕೇಳಿದ. ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ತನಿಖಾಧಿಕಾರಿ ಅಲ್ಲ. ವರ್ಕ್‌ಶಾಪ್ ಮೇಷ್ಟ್ರಾಗಿ ಬಹಳ ವರ್ಷ ಮುರಿದ ಲೋಹ ನೋಡಿದವನು, ರಿಮೋಟ್ ಕಂಟ್ರೋಲ್ ಮಾಡೆಲ್ ವಿಮಾನ ಹಾರಿಸುವವನು. ಇದು ಅಧಿಕೃತ ತನಿಖೆಗೆ ಬದಲಿ ಅಲ್ಲವೇ ಅಲ್ಲ. ತನ್ನ ಕೈಯಿಂದ ವಿಮಾನ ಕಟ್ಟುವವರಿಗೆ, ಏರೋನಾಟಿಕಲ್ ಓದುವ ಹುಡುಗರಿಗೆ ಉಪಯೋಗವಾದರೆ ಸಾಕು.

ಮೊದಲು ಕೇಳಬೇಕಾದ ಮೂರು ಪ್ರಶ್ನೆ

ವಿಮಾನ ಗಾಳಿಯಲ್ಲಿ ಮುರಿಯುವುದು ಮೂರು ದಾರಿಯಲ್ಲಿ. ಒಂದು, ಗಟ್ಟಿಯಾಗಿದ್ದ ರೆಕ್ಕೆಯ ಮೇಲೆ ತಾಳಲಾರದಷ್ಟು ಹೊರೆ ಬಿತ್ತು. ಎರಡು, ಹೊರೆ ಮಾಮೂಲಿಯೇ ಇತ್ತು, ರೆಕ್ಕೆಯ ಬಲವೇ ಕಮ್ಮಿಯಾಗಿತ್ತು. ಮೂರು, ಗಾಳಿ ಮತ್ತು ರೆಕ್ಕೆ ಸೇರಿಕೊಂಡು ತಾವೇ ಒಂದು ನಡುಕ ಹುಟ್ಟಿಸಿದವು, ಅದು ಬೆಳೆದು ಬೆಳೆದು ರೆಕ್ಕೆಯನ್ನೇ ಕಿತ್ತಿತು. ಈ ಮೂರನೆಯದಕ್ಕೆ ಫ್ಲಟರ್ ಅಂತ ಹೆಸರು.

ಕಷ್ಟ ಏನಂದರೆ, ಮೂರರಲ್ಲೂ ಕೊನೆಗೆ ಕಾಣುವುದು ಒಂದೇ: ಮುರಿದ ಸ್ಪಾರ್. ಸ್ಪಾರ್ ಅಂದರೆ ರೆಕ್ಕೆಯ ಒಳಗಿನ ತೊಲೆ. "ಸ್ಪಾರ್ ಮುರಿದು ವಿಮಾನ ಬಿತ್ತು" ಅಂದರೆ ಎಲ್ಲಿ ಮುರಿಯಿತು ಅಂತ ಗೊತ್ತಾಯಿತೇ ಹೊರತು ಯಾಕೆ ಅಂತ ಗೊತ್ತಾಗಲಿಲ್ಲ. ಇಲ್ಲೇ ನಿಂತುಬಿಡುವವರು ಬಹಳ ಜನ. ಪೈಲಟ್ ಜೋರಾಗಿ ಎಳೆದಿರಬೇಕು, ಗಾಳಿ ಜಾಸ್ತಿ ಇತ್ತಂತೆ, ಮನೆಯಲ್ಲಿ ಕಟ್ಟಿದ್ದು ತಾನೇ, ಹೀಗೆ ಏನಾದರೂ ಒಂದು ಕಾರಣ ಅಂಟಿಸಿ ಕಡತ ಮುಚ್ಚುತ್ತಾರೆ. ಸತ್ತವನು ಎದ್ದು ಬಂದು ಇಲ್ಲ ಅನ್ನಲಾರ. ಅವನ ಪರವಾಗಿ ಮಾತಾಡಲು ಉಳಿದಿರುವುದು ಚೂರುಗಳು ಮಾತ್ರ.

ಜಾಗದಲ್ಲಿ ಏನು ಮಾಡಬಾರದು

ಜನರನ್ನು ಉಳಿಸಲು ಬೇಕಾದಷ್ಟು ಬಿಟ್ಟರೆ ಬೇರೇನನ್ನೂ ಜರುಗಿಸಬಾರದು. ನಮ್ಮ ದೇಶದ ನಿಯಮವೂ ಇದೇ. ಪೊಲೀಸರು ಜಾಗ ಕಾಯಬೇಕು, ತನಿಖೆ ವಿಮಾನಯಾನ ಮಹಾನಿರ್ದೇಶನಾಲಯ ಡಿಜಿಸಿಎ ಅಥವಾ ಅಪಘಾತ ತನಿಖಾ ಬ್ಯೂರೋದ ಕೆಲಸ.

ಇನ್ನೊಂದು ಮಾತು ನಮ್ಮ ಕಡೆ ಯಾರಿಗೂ ಗೊತ್ತಿರುವುದಿಲ್ಲ. ಕೆಲವು ಲಘು ವಿಮಾನಗಳಲ್ಲಿ ಇಡೀ ವಿಮಾನಕ್ಕೇ ಒಂದು ಪ್ಯಾರಾಚೂಟ್ ಇರುತ್ತದೆ. ಅದನ್ನು ಹೊರಗೆ ಎಳೆಯುವುದು ಒಂದು ಸಣ್ಣ ರಾಕೆಟ್. ಅದು ಸಿಡಿಯದೆ ಉಳಿದಿದ್ದರೆ, ಸಹಾಯಕ್ಕೆ ಓಡಿಬಂದವರ ಪ್ರಾಣವನ್ನೇ ತೆಗೆಯಬಹುದು. ಕಾಕ್‌ಪಿಟ್‌ನಲ್ಲಿ ಕೆಂಪು ಹಿಡಿ ಕಂಡರೆ, ಹೊರಮೈ ಮೇಲೆ ರಾಕೆಟ್ ಎಚ್ಚರಿಕೆಯ ಸ್ಟಿಕ್ಕರ್ ಕಂಡರೆ ಕೇಬಲ್ ಎಳೆಯಬೇಡಿ, ಕತ್ತರಿಸಬೇಡಿ, ದೂರ ನಿಲ್ಲಿ. ಕಾರ್ಬನ್ ಫೈಬರ್ ಮುರಿದಿದ್ದರೆ ಅದರ ಧೂಳು ಮೂಗಿಗೆ ಹೋಗಬಾರದು, ಸೂಜಿಯಂಥ ಎಳೆ ಕೈಗೆ ಚುಚ್ಚಬಾರದು.

ಮುರಿದ ಎರಡು ತುಂಡುಗಳನ್ನು ಕೂಡಿಸಿ ನೋಡುವ ಆಸೆ ಎಲ್ಲರಿಗೂ ಬರುತ್ತದೆ. ದಯವಿಟ್ಟು ಬೇಡ. ಮುಖಕ್ಕೆ ಮುಖ ಉಜ್ಜಿದರೆ ಅಲ್ಲಿದ್ದ ಗುರುತು ಅಳಿಸಿಹೋಗುತ್ತದೆ. ಅದೇ ರೀತಿ ಬ್ರಶ್ ಹಾಕಿ ಉಜ್ಜುವುದೂ ಬೇಡ. ಗದ್ದೆಯ ಕೆಸರು ಮೆತ್ತಿದ್ದರೆ ಮೊದಲು ಫೋಟೊ ತೆಗೆಯಬೇಕು. ತೊಳೆಯುವುದು ಏನಿದ್ದರೂ ಪ್ರಯೋಗಾಲಯದವರಿಗೆ ಬಿಟ್ಟದ್ದು.

ನೋಡಿದವರ ಮಾತು ಬರೆದುಕೊಳ್ಳುವಾಗ ಶಬ್ದದ ಲೆಕ್ಕ ಇಟ್ಟುಕೊಳ್ಳಿ. ಶಬ್ದ ಒಂದು ಕಿಲೋಮೀಟರ್ ಬರಲು ಸುಮಾರು ಮೂರು ಸೆಕೆಂಡ್ ಬೇಕು. ಗದ್ದೆಯಲ್ಲಿ ಕಳೆ ಕೀಳುತ್ತಿದ್ದವರು "ಡಬ್ ಅಂತ ಸದ್ದಾಯ್ತು ಸ್ವಾಮಿ, ತಲೆ ಎತ್ತಿ ನೋಡಿದ್ರೆ ರೆಕ್ಕೆ ಹಾರ್ತಾ ಇತ್ತು, ಬಾಂಬ್ ಸಿಡಿದಂಗಿತ್ತು" ಅನ್ನುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಆದರೆ ಸದ್ದು ಕೇಳಿ ತಲೆ ಎತ್ತುವ ಹೊತ್ತಿಗೆ ಮುಖ್ಯ ಘಟನೆ ಮುಗಿದು ಎರಡು ಮೂರು ಸೆಕೆಂಡ್ ಆಗಿರುತ್ತದೆ. ಆ ಡಬ್ ಅನ್ನುವುದು ತೊಲೆ ಮುರಿದ ಸದ್ದೂ ಆಗಿರಬಹುದು. ಅದಕ್ಕೆ ಮುಂಚೆ ಎಂಜಿನ್ ಸದ್ದು ಏರಿತ್ತಾ, ಗುಂಯ್ ಅಂತ ಬೇರೆ ಏನಾದರೂ ಕೇಳಿಸಿತಾ ಅಂತ ಕೇಳಬೇಕು. ಸುಮ್ನೆ "ಬೆಂಕಿ ಕಾಣಿಸ್ತಾ?" ಅಂತ ಬಾಯಿಗೆ ಮಾತು ಹಾಕಬಾರದು.

ಚೂರುಗಳು ಬಿದ್ದ ಸಾಲು

ನೆಲಕ್ಕೆ ಬರುವವರೆಗೂ ವಿಮಾನ ಇಡಿಯಾಗಿದ್ದರೆ ರೆಕ್ಕೆಯ ಎರಡು ತುದಿ, ಬಾಲ, ಮೂಗು ನಾಲ್ಕೂ ಒಂದೇ ಕಡೆ ಸಿಗುತ್ತವೆ. ಈ ನಾಲ್ಕು ಮೂಲೆಗಳನ್ನು ಮೊದಲು ಎಣಿಸಿ. ಒಂದು ಕಮ್ಮಿ ಇದ್ದರೂ ಅದು ಗಾಳಿಯಲ್ಲೇ ಕಳಚಿರಬಹುದು. ಆಗ ಹುಡುಕಾಟ ಹಿಂದಕ್ಕೆ ಹೋಗಬೇಕು, ವಿಮಾನ ಬಂದ ದಾರಿಯ ಕಡೆಗೆ.

ಮೈಸೂರಿನ ಮಂಡಕಳ್ಳಿ ವಿಮಾನ ನಿಲ್ದಾಣದಿಂದ ಹಾರಿದ ಒಂದು ವಿಮಾನ ವರುಣಾ ನಾಲೆಯ ಬಯಲಿನ ಮೇಲೆ ಪೂರ್ವಕ್ಕೆ ಹೋಗುತ್ತಾ ಮುರಿಯಿತು ಅಂತ ಸುಮ್ಮನೆ ಅಂದುಕೊಳ್ಳಿ. ಎಂಜಿನ್ ಭಾರ. ಅದು ಎಸೆದ ಕಲ್ಲಿನಂತೆ ಮುಂದಕ್ಕೆ ಹೋಗಿ ಬೀಳುತ್ತದೆ. ತೆಳು ತಗಡು, ಐಲೆರಾನ್, ಮುರಿದ ಗಾಜು ಇವೆಲ್ಲ ಬೇಗ ವೇಗ ಕಳೆದುಕೊಂಡು ಗಾಳಿ ಬೀಸಿದ ಕಡೆಗೆ ತೇಲಿಹೋಗುತ್ತವೆ. ಹಾಗಾಗಿ ಸಾಮಾನ್ಯವಾಗಿ ಮೊದಲು ಕಳಚಿದ್ದು ಸಾಲಿನ ಶುರುವಿನಲ್ಲಿ ಇರುತ್ತದೆ. ಆದರೆ ಜುಲೈ ತಿಂಗಳಾಗಿದ್ದರೆ? ಪಶ್ಚಿಮದ ಗಾಳಿ ಜೋರಾಗಿ ಬೀಸುವ ಕಾಲ ಅದು. ಮೊದಲೇ ಕಳಚಿದ ಹಗುರ ತುಂಡೊಂದು ಎಂಜಿನ್‌ಗಿಂತ ಮುಂದೆ ಹೋಗಿ ಬಿದ್ದಿರಬಹುದು. ನಕ್ಷೆ ಮೇಲೆ ಬಿದ್ದ ಜಾಗ ಗುರುತು ಹಾಕಿದರೆ ಸಾಲದು. ಪ್ರತಿ ತುಂಡಿನ ತೂಕ, ಅಗಲ, ಆ ಹೊತ್ತಿನ ಗಾಳಿಯ ದಿಕ್ಕು, ಎತ್ತರ ಇವನ್ನು ಇಟ್ಟುಕೊಂಡು ಅದು ಎಲ್ಲಿಂದ ಹೊರಟಿರಬೇಕು ಅಂತ ಹಿಂದಕ್ಕೆ ಲೆಕ್ಕ ಹಾಕಬೇಕು.

ನನಗೆ ಇದು ಅರ್ಥವಾದದ್ದು ಪುಸ್ತಕದಿಂದಲ್ಲ, ಮಂಡ್ಯದ ಹತ್ತಿರ ಒಂದು ಕಬ್ಬಿನ ಗದ್ದೆಯಿಂದ. ನನ್ನದೊಂದು ದೊಡ್ಡ ಮಾಡೆಲ್ ಇತ್ತು, ಎರಡೂವರೆ ಮೀಟರ್ ರೆಕ್ಕೆ. ವಿ.ಸಿ. ನಾಲೆ ಪಕ್ಕದ ಬಯಲಲ್ಲಿ ಹಾರಿಸುತ್ತಿದ್ದೆ. ಎತ್ತರದಿಂದ ಇಳಿಸುವಾಗ ವೇಗ ಜಾಸ್ತಿಯಾಯಿತು. ಜೀರುಂಡೆ ಕೂಗಿದ ಹಾಗೆ ಒಂದು ಸದ್ದು. ಒಂದು ಸೆಕೆಂಡ್ ಇರಬಹುದು, ಅಷ್ಟೇ. ಎಡ ರೆಕ್ಕೆ ಮಡಚಿಕೊಂಡಿತು. ಸಿಕ್ಕಿದ್ದನ್ನೆಲ್ಲ ಆಯ್ದು ತಂದೆ. ರೆಕ್ಕೆಯ ತೊಲೆ ಬುಡದಲ್ಲಿ ಮುರಿದಿತ್ತು. ಅಂಟು ಸರಿ ಹಿಡಿದಿಲ್ಲ ಅಂತ ನಾನೇ ತೀರ್ಮಾನ ಮಾಡಿ, ಹೊಸ ತೊಲೆ ಇನ್ನೂ ದಪ್ಪಗೆ ಮಾಡಲು ಶುರು ಮಾಡಿದೆ.

ಎರಡು ವಾರದ ಮೇಲೆ ಕಬ್ಬು ಕಡಿಯುವವರು ಎಡ ಐಲೆರಾನ್ ತಂದುಕೊಟ್ಟರು. ಉಳಿದ ಚೂರುಗಳು ಸಿಕ್ಕ ಜಾಗಕ್ಕಿಂತ ಅರವತ್ತು ಹೆಜ್ಜೆ ಹಿಂದೆ ಸಿಕ್ಕಿತಂತೆ. ಅದರ ಹಾರ್ನ್ ಅನ್ನುವ ಪುಟ್ಟ ತೋಳಿನಲ್ಲಿದ್ದ ತೂತು, ಅಂದರೆ ಐಲೆರಾನ್ ಆಡಿಸುವ ಸಣ್ಣ ಮೋಟಾರಿನ (ಸರ್ವೋ) ಕಡ್ಡಿ ಸಿಕ್ಕಿಸುವ ತೂತು, ದುಂಡಗಿರಲಿಲ್ಲ. ಸವೆದು ಮೊಟ್ಟೆಯಾಕಾರ ಆಗಿತ್ತು. ಹಿಂಜ್ ಪಕ್ಕದ ಮರ ಎರಡೂ ಕಡೆಯಿಂದ ಜಜ್ಜಿಹೋಗಿತ್ತು. ಐಲೆರಾನ್ ಸಡಿಲವಾಗಿ ನಡುಗಿ, ಮೊದಲು ತಾನು ಕಿತ್ತುಹೋಗಿ, ರೆಕ್ಕೆಯನ್ನೂ ಮುರಿದಿತ್ತು. ತೊಲೆ ದಪ್ಪ ಮಾಡಿ ಹಾರಿಸಿದ್ದರೆ ಮತ್ತೆ ಅದೇ ಆಗುತ್ತಿತ್ತು. ಆ ಐಲೆರಾನ್ ಈಗಲೂ ನನ್ನ ಮೇಜಿನ ಮೇಲಿದೆ.

ಅದಕ್ಕೇ ಹೇಳುವುದು, ಸಿಗದ ತುಂಡನ್ನು ಬಿಟ್ಟು ತೀರ್ಮಾನಕ್ಕೆ ಬರಬೇಡಿ. ಕಬ್ಬು, ಭತ್ತ, ಕೆರೆ ಇರುವ ನಮ್ಮ ಕಡೆ ಆ ತುಂಡು ಕೊಯ್ಲಿನ ತನಕ ಸಿಗದೇ ಇರಬಹುದು. ಸುತ್ತಲಿನ ಊರಿನವರಿಗೆ ಅದರ ಚಿತ್ರ ತೋರಿಸಿ, ಎಷ್ಟು ದಿನ ಕಳೆದರೂ ತಂದುಕೊಡಿ ಅಂತ ಕೇಳಿಕೊಳ್ಳಬೇಕು. ಅವರು ನಿಜಕ್ಕೂ ತಂದುಕೊಡುತ್ತಾರೆ.

ಯಾವ ಕಡೆಗೆ ಮುರಿಯಿತು?

ಈಗ ತುಂಡುಗಳನ್ನು ಬಯಲಲ್ಲೋ ಶೆಡ್‌ನಲ್ಲೋ ವಿಮಾನದ ಆಕಾರಕ್ಕೆ ಜೋಡಿಸಿಡಿ. ಒಂದಕ್ಕೊಂದು ತಾಗದ ಹಾಗೆ, ನಡುವೆ ಗೇಣು ಜಾಗ ಬಿಟ್ಟು.

ರೆಕ್ಕೆ ಮೇಲಕ್ಕೆ ಮಡಚಿ ಮುರಿದರೆ ತೊಲೆಯ ಮೇಲಿನ ಪಟ್ಟಿ ಸುಕ್ಕಾಗಿ ಜಜ್ಜಿರುತ್ತದೆ, ಕೆಳಗಿನ ಪಟ್ಟಿ ಎಳೆದು ಹರಿದಿರುತ್ತದೆ. ಕೆಳಕ್ಕೆ ಮುರಿದರೆ ಇದು ತಿರುಗುಮುರುಗು. ಎರಡೂ ರೆಕ್ಕೆ ಒಂದೇ ಜಾಗದಲ್ಲಿ, ಒಂದೇ ರೀತಿ ಮೇಲಕ್ಕೆ ಮುರಿದಿದ್ದರೆ ಜೋರಾಗಿ ಮೇಲೆತ್ತಿದ್ದು ಅಥವಾ ಬಿರುಗಾಳಿಯ ಹೊಡೆತ ಅಂತ ಮೊದಲ ಅನುಮಾನ ಇಡಬಹುದು. ಒಂದೇ ರೆಕ್ಕೆ ಹೋಗಿದ್ದರೆ ಆ ರೆಕ್ಕೆಯಲ್ಲೇ ಏನೋ ಇತ್ತು ಅನ್ನಿಸುತ್ತದೆ, ನಿಜ. ಆದರೆ ಆತುರ ಬೇಡ. ಒಂದು ರೆಕ್ಕೆ ಹೋದ ಕೂಡಲೇ ವಿಮಾನ ಬುಗುರಿಯಂತೆ ಸುತ್ತುತ್ತದೆ. ಆ ಸುತ್ತಾಟದಲ್ಲಿ ಉಳಿದದ್ದೂ ಮುರಿಯುತ್ತದೆ.

ರೆಕ್ಕೆಗಳು ಕೆಳಕ್ಕೆ ಮುರಿದಿದ್ದರೆ ನಾನು ಬಾಲದ ಕಡೆ ನೋಡುತ್ತೇನೆ. ಬಾಲದ ಅಡ್ಡರೆಕ್ಕೆ ಮೂಗು ಕೆಳಗೆ ಬಗ್ಗದಂತೆ ಹಿಡಿದಿರುತ್ತದೆ. ಅದು ಕಳಚಿದರೆ ಮೂಗು ಥಟ್ಟನೆ ಕೆಳಕ್ಕೆ ಹೋಗುತ್ತದೆ, ಗಾಳಿ ರೆಕ್ಕೆಯ ಬೆನ್ನಿಗೆ ಬಡಿಯುತ್ತದೆ. ಹಾಗಾದರೆ ಬಾಲ ಯಾಕೆ ಹೋಯಿತು? ಕಾಕ್‌ಪಿಟ್‌ನ ಗಾಜಿನ ಮುಚ್ಚಳ ತೆರೆದುಕೊಂಡು ಹಾರಿ ಬಾಲಕ್ಕೆ ಬಡಿದಿರಬಹುದು, ಹಕ್ಕಿ ಬಡಿದಿರಬಹುದು. ಬಾಲದ ಮುಂಭಾಗದಲ್ಲಿ ಬೇರೆ ಬಣ್ಣದ ಗೀರು, ಗಾಜಿನ ಚೂರು, ರಕ್ತ, ಪುಕ್ಕ ಇದೆಯಾ ನೋಡಿ.

ಬೋಲ್ಟ್‌ಗಳ ತೂತು ಮರೆಯಬೇಡಿ. ಬೋಲ್ಟ್ ಇದ್ದು ಹೊರೆಯಿಂದ ಹರಿದಿದ್ದರೆ ತೂತು ಒಂದು ಕಡೆಗೆ ಎಳೆದಂತೆ ಉದ್ದವಾಗಿರುತ್ತದೆ, ಬೋಲ್ಟಿನ ತಿರುಪಿನ ಅಚ್ಚು ಒಳಗೆ ಒತ್ತಿರಬಹುದು. ತೂತು ದುಂಡಗೆ ನೀಟಾಗಿದ್ದರೆ ಆ ಹೊತ್ತಿಗೆ ಅಲ್ಲಿ ಬೋಲ್ಟ್ ಇರಲಿಲ್ಲವೇನೋ ಅಂತ ಕೇಳಲೇಬೇಕು. ನಟ್ ಹಾಕಲು ಮರೆತರೆ, ಪಿನ್ ಹಾಕಲು ಮರೆತರೆ, ಬೋಲ್ಟ್ ಮೊದಲ ಹಾರಾಟದಲ್ಲೂ ಬೀಳಬಹುದು, ಐವತ್ತನೆಯದರಲ್ಲೂ ಬೀಳಬಹುದು.

ಮುರಿದ ಮುಖ ಏನು ಹೇಳುತ್ತದೆ

ಅಲ್ಯುಮಿನಿಯಂ ಒಂದೇ ಏಟಿಗೆ ಹೊರೆ ತಾಳದೆ ಮುರಿದರೆ ಮುಖ ಮಂಕು ಬೂದಿ ಬಣ್ಣ, ಒರಟು. ಅಂಚು ಸುಮಾರು 45 ಡಿಗ್ರಿಗೆ ಓರೆ, ಪಕ್ಕದ ಲೋಹ ಎಳೆದು ತೆಳುವಾಗಿರುತ್ತದೆ. ದಣಿವಿನಿಂದ, ಅಂದರೆ ಫಟೀಗ್‌ನಿಂದ, ಬಹಳ ದಿನ ಸ್ವಲ್ಪ ಸ್ವಲ್ಪವೇ ಬಿರಿದು ಮುರಿದರೆ ಒಂದು ಭಾಗ ನುಣುಪಾಗಿ ಚಪ್ಪಟೆ ಇರುತ್ತದೆ. ಅದರಲ್ಲಿ ಕೆರೆಯ ನೀರು ಇಳಿದಂತೆ ದಡದಲ್ಲಿ ಉಳಿಯುವ ಗೆರೆಗಳ ಥರ ಬಾಗಿದ ಗೆರೆಗಳು. ಆ ಗೆರೆಗಳು ಯಾವ ಬಿಂದುವಿನ ಸುತ್ತ ಬಾಗಿವೆಯೋ ಅಲ್ಲೇ ಬಿರುಕಿನ ಹುಟ್ಟು. ಬಹಳ ಸಲ ಅದು ಒಂದು ರಿವೆಟ್ ತೂತಿನ ಅಂಚು, ಅಥವಾ ಕಟ್ಟುವಾಗ ಆಗಿದ್ದ ಒಂದು ಗೀರು.

ಮರದ ತೊಲೆಯಾದರೆ ಅಂಟಿನ ಕೀಲು ನೋಡಿ. ಅಂಟು ಸರಿ ಹಿಡಿದಿದ್ದರೆ ಮುರಿಯುವುದು ಮರ. ಎರಡೂ ಮುಖದಲ್ಲಿ ಮರದ ಸಿಬಿರು ಇರುತ್ತದೆ. ಮುಖ ಬರೀ ಹೊಳೆಯುವ ಅಂಟಾಗಿದ್ದು ಸಿಬಿರೇ ಇಲ್ಲದಿದ್ದರೆ ಆ ಕೀಲು ಯಾವತ್ತೂ ಹಿಡಿದಿರಲಿಲ್ಲ. ಫೈಬರ್ ವಿಮಾನದಲ್ಲೂ ಹೀಗೆಯೇ: ಅಂಟಿಸಿದ ಜಾಗ ಗಾಜಿನಂತೆ ನಯವಾಗಿ ಬಿಟ್ಟುಕೊಂಡಿದ್ದರೆ ಮೇಲ್ಮೈ ಉಜ್ಜಿ ತಯಾರು ಮಾಡದೆ ಅಂಟಿಸಿದ ಅನುಮಾನ ಬರುತ್ತದೆ. ಮನೆಯಲ್ಲಿ ಕಟ್ಟುವ ವಿನ್ಯಾಸಗಳನ್ನು ಕೀಳಾಗಿ ನೋಡುವವರಿಗೆ ಒಂದು ಮಾತು. ಬೆಂಗಳೂರಿನ ಸರ್ಕಾರಿ ವಿಮಾನ ಸಂಶೋಧನಾ ಸಂಸ್ಥೆ ಎನ್‌ಎಎಲ್‌ 1980ರ ದಶಕದಲ್ಲಿ ಫೈಬರ್ ವಿಮಾನದ ವಿದ್ಯೆ ಕಲಿಯಲು ಆರಿಸಿಕೊಂಡದ್ದು ಅಮೆರಿಕದ ವಿನ್ಯಾಸಕ ಬರ್ಟ್ ರುಟಾನ್ ಅವರ ಲಾಂಗ್-ಈಝಿ ಅನ್ನುವ ಮನೆಯಲ್ಲಿ ಕಟ್ಟುವ ವಿನ್ಯಾಸವನ್ನೇ.

ಕಂಟ್ರೋಲ್ ಕೇಬಲ್ ಎಳೆತಕ್ಕೆ ಹರಿದಿದ್ದರೆ ತುದಿ ತೆಂಗಿನಕಡ್ಡಿ ಪೊರಕೆಯಂತೆ ಬಿಚ್ಚಿಕೊಂಡಿರುತ್ತದೆ. ಸವೆದು ಹರಿದಿದ್ದರೆ ಎಳೆಗಳ ತುದಿ ಚಪ್ಪಟೆ, ರಾಟೆಗೆ ತಾಗುವ ಜಾಗದಲ್ಲಿ ಹೊಳಪು. ಸುಟ್ಟ ತುಂಡಾದರೆ ಮಸಿ ಎಲ್ಲಿದೆ ನೋಡಿ. ಮುರಿದ ಮುಖದ ಮೇಲೂ ಮಸಿ ಇದ್ದರೆ ಮುರಿದ ಮೇಲೆ ಬೆಂಕಿ ಬಂದಿದೆ.

ಫ್ಲಟರ್: ಸೆಕೆಂಡಿನಲ್ಲಿ ಮುಗಿಯುವ ದೋಷ

ಗಾಳಿಗೆ ತಗಡಿನ ಶೀಟು ಬಡಬಡ ಬಡಿದುಕೊಳ್ಳುವುದನ್ನು ನೋಡಿದ್ದೀರಿ. ಫ್ಲಟರ್ ಅದರ ದೊಡ್ಡಣ್ಣ. ಐಲೆರಾನಿನ ತೂಕ ಬಹುಪಾಲು ಅದರ ಹಿಂಜ್‌ನ ಹಿಂದೆ ಇರುತ್ತದೆ. ಗಾಳಿಯ ಒಂದು ಹೊಡೆತಕ್ಕೆ ರೆಕ್ಕೆ ಮೇಲಕ್ಕೆ ಚಿಮ್ಮಿದರೆ ಐಲೆರಾನ್ ಹಿಂದೆ ಉಳಿದು ಕೆಳಕ್ಕೆ ಜೋಲುತ್ತದೆ. ಐಲೆರಾನ್ ಕೆಳಗಿದ್ದರೆ ರೆಕ್ಕೆಗೆ ಮೇಲೆತ್ತುವ ಬಲ ಇನ್ನೂ ಜಾಸ್ತಿ. ರೆಕ್ಕೆ ವಾಪಸ್ ಬರುವಾಗ ಇದೇ ಉಲ್ಟಾ. ವೇಗ ಕಮ್ಮಿ ಇದ್ದರೆ ಗಾಳಿಯೇ ಈ ನಡುಕವನ್ನು ತಡೆದು ಆರಿಸುತ್ತದೆ. ಒಂದು ವೇಗ ದಾಟಿದರೆ ಅದೇ ಗಾಳಿ ನಡುಕಕ್ಕೆ ಶಕ್ತಿ ತುಂಬುತ್ತದೆ. ಆಮೇಲೆ ಪೈಲಟ್ ಕೈಯಲ್ಲಿ ಏನೂ ಇರುವುದಿಲ್ಲ.

ಇದಕ್ಕೆ ಮದ್ದು ಹಿಂಜ್‌ನ ಮುಂದೆ ಒಂದು ಪ್ರತಿಭಾರ. ಹಳೆಯ ಏತದ ಹಿಂದೆ ಕಲ್ಲು ಕಟ್ಟುತ್ತಿದ್ದರಲ್ವಾ, ಅದೇ ಲೆಕ್ಕ. ಜೊತೆಗೆ ಕೇಬಲ್ ಬಿಗಿಯಾಗಿರಬೇಕು, ಹಿಂಜ್‌ನಲ್ಲಿ ಪ್ಲೇ ಇರಬಾರದು.

ಚೂರಿನಲ್ಲಿ ಫ್ಲಟರ್ ಗುರುತು ಹೀಗಿರುತ್ತದೆ: ತಗಡು ಒಂದೇ ಕಡೆಗಲ್ಲ, ಎರಡೂ ಕಡೆಗೆ ಮಡಚಿ ಸುಕ್ಕಾಗಿರುತ್ತದೆ, ಸುಕ್ಕಿನ ಗೆರೆಗಳು ಒಂದನ್ನೊಂದು ಅಡ್ಡ ಹಾಯುತ್ತವೆ. ಐಲೆರಾನ್ ತಡೆಯುವ ಸ್ಟಾಪ್‌ಗಳು ಎರಡೂ ಬದಿಯಲ್ಲಿ ಸುತ್ತಿಗೆ ಏಟು ತಿಂದಂತೆ ಜಜ್ಜಿರುತ್ತವೆ. ಹಿಂಜ್ ತೂತು ಉದ್ದವಾಗಿರುತ್ತದೆ, ಪ್ರತಿಭಾರ ಕಿತ್ತು ಬೇರೆ ಕಡೆ ಬಿದ್ದಿರುತ್ತದೆ. ರಿವೆಟ್ ಸುತ್ತ ಕಪ್ಪು ಹೊಗೆಯಂಥ ಗೀಟು ಇದ್ದರೆ ಅದು ಬಹಳ ದಿನದಿಂದ ಸಡಿಲವಾಗಿ ಉಜ್ಜುತ್ತಿತ್ತು. ಒಂದೊಂದೇ ಗುರುತು ಸಾಲದು, ನೆಲಕ್ಕೆ ಬಡಿದಾಗಲೂ ಕೆಲವು ಆಗುತ್ತವೆ. ಎರಡೂ ದಿಕ್ಕಿನ ಏಟು ಸಿಕ್ಕರೆ ಮಾತ್ರ ನಾನು ಧೈರ್ಯವಾಗಿ ಫ್ಲಟರ್ ಅನ್ನುತ್ತೇನೆ.

ಈ ವಿಷಯದಲ್ಲಿ ಜಗತ್ತಿಗೆ ಪಾಠ ಕಲಿಸಿದ ವಿಮಾನ ಝೋಡಿಯಾಕ್ ಸಿಎಚ್ 601 ಎಕ್ಸ್‌ಎಲ್. ಕ್ರಿಸ್ ಹೈಂಟ್ಸ್ ಅವರ ವಿನ್ಯಾಸ. ಎರಡು ಸೀಟು, ಪೂರ್ತಿ ಅಲ್ಯುಮಿನಿಯಂ, ರಿವೆಟ್ ಹೊಡೆದು ಕಟ್ಟುವುದು, ಪೂರ್ತಿ ತೂಕ ಸುಮಾರು 600 ಕೆ.ಜಿ. ಕಿಟ್ ಆಗಿಯೂ, ಕಾರ್ಖಾನೆಯಲ್ಲಿ ಕಟ್ಟಿಯೂ ಮಾರಿದರು. 2006ರಿಂದ ಅಮೆರಿಕ ಮತ್ತು ಯುರೋಪ್‌ನಲ್ಲಿ ಆರು ವಿಮಾನ ಆಕಾಶದಲ್ಲೇ ಮುರಿದು ಹತ್ತು ಜನ ಸತ್ತರು. ಒಂದೊಂದು ಅಪಘಾತಕ್ಕೂ ಬೇರೆ ಬೇರೆ ಸಮಾಧಾನ ಹೇಳಲು ಸಾಧ್ಯವಿತ್ತು. ಬೇರೆ ದೇಶ, ಬೇರೆ ಪೈಲಟ್, ಬೇರೆ ಕೈಯಲ್ಲಿ ಕಟ್ಟಿದ್ದು. ಆರನ್ನೂ ಪಕ್ಕಪಕ್ಕ ಇಟ್ಟಾಗಲೇ ಒಂದು ಮುಖ ಕಂಡಿತು.

2009ರ ಏಪ್ರಿಲ್‌ನಲ್ಲಿ ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ ಎನ್‌ಟಿಎಸ್‌ಬಿ ಐಲೆರಾನ್ ಫ್ಲಟರ್ ಕಡೆ ಬೆರಳು ತೋರಿಸಿ, ಈ ವಿಮಾನಗಳನ್ನು ಹಾರಲು ಬಿಡಬೇಡಿ ಅಂತ ಅಲ್ಲಿನ ವಾಯುಯಾನ ಆಡಳಿತ ಎಫ್‌ಎಎಗೆ ಬರೆಯಿತು. ಐಲೆರಾನ್‌ಗೆ ಪ್ರತಿಭಾರ ಇರಲಿಲ್ಲ. ಕೇಬಲ್ ಬಿಗಿ ಸರಿಯಿದ್ದರೆ ಫ್ಲಟರ್ ಆಗಲ್ಲ ಅನ್ನುವುದು ತಯಾರಕರ ವಾದ. ವಾದ ನಡೆಯುತ್ತಿರುವಾಗಲೇ ಅದೇ ವರ್ಷದ ನವೆಂಬರ್‌ನಲ್ಲಿ ಅರ್ಕಾನ್ಸಾಸ್‌ನಲ್ಲಿ ಇನ್ನೊಂದು ವಿಮಾನ ಮುರಿಯಿತು. ಆಮೇಲೆ ರೆಕ್ಕೆ ಮತ್ತು ನಡುವಿನ ತೊಲೆ ಬಲಪಡಿಸಿ, ಐಲೆರಾನ್‌ಗೆ ಪ್ರತಿಭಾರ ಕೂಡಿಸುವ ಬದಲಾವಣೆ ಬಂತು. 2010ರ ಜನವರಿಯಲ್ಲಿ ಎಫ್‌ಎಎ ಹೊರತಂದ ವರದಿ ಒಂದೇ ಒಂದು ಮೂಲ ಕಾರಣ ಅಂತ ಹೇಳಲಿಲ್ಲ. ವಿನ್ಯಾಸದಲ್ಲಿ ಹಿಡಿದ ಹೊರೆಯ ಲೆಕ್ಕ, ಫ್ಲಟರ್, ವೇಗದ ಮೀಟರ್‌ನ ತಪ್ಪು, ಸ್ಟಿಕ್ ತೀರಾ ಹಗುರವಾಗಿರುವುದು, ಇವೆಲ್ಲ ಒಟ್ಟಿಗೆ ಬಂದವು.

ಆ ಏಳು ತಿಂಗಳ ವಾದವನ್ನು ಓದಿದಾಗ ನನಗೆ ಸಂಕಟವಾಗುತ್ತದೆ. ಕಾರಣ ಪೂರ್ತಿ ಸಾಬೀತಾಗುವ ತನಕ ಹಾರಾಟ ನಿಲ್ಲಿಸುವುದಿಲ್ಲ ಅನ್ನುವುದು ತಪ್ಪು ಅಂತಲೇ ನನ್ನ ಅಭಿಪ್ರಾಯ. ಅನುಮಾನ ಗಟ್ಟಿಯಾಗಿದ್ದರೆ ಮೊದಲು ನೆಲದ ಮೇಲೆ ನಿಲ್ಲಿಸಬೇಕು.

ನಮ್ಮ ದೇಶದ್ದೇ ಒಂದು ಹಳೆಯ ನೆನಪು. 1953ರ ಮೇ 2ರಂದು ಕಲ್ಕತ್ತಾದ ದಮ್‌ದಮ್‌ನಿಂದ ಹೊರಟ ಕಾಮೆಟ್ ಅನ್ನುವ ಬ್ರಿಟಿಷ್ ಪ್ರಯಾಣಿಕ ಜೆಟ್ ಬಿರುಮಳೆಯಲ್ಲಿ ಮುರಿದು 43 ಜನ ಸತ್ತರು. ದೊಡ್ಡ ವಿಮಾನ, ಬೇರೆ ಲೋಕ, ಒಪ್ಪುತ್ತೇನೆ. ಬಿರುಗಾಳಿಯ ಹೊರೆ ಅಂತ ತೀರ್ಮಾನವಾಯಿತು. ಮುಂದಿನ ವರ್ಷ ಜನವರಿ, ಏಪ್ರಿಲ್‌ನಲ್ಲಿ ಮತ್ತೆರಡು ಕಾಮೆಟ್ ಮೆಡಿಟರೇನಿಯನ್ ಪ್ರದೇಶದಲ್ಲಿ ಮುರಿದವು. ಕೊನೆಗೆ ಇಂಗ್ಲೆಂಡಿನ ಫಾರ್ನ್‌ಬರೋದಲ್ಲಿ ಇಡೀ ವಿಮಾನವನ್ನು ನೀರಿನ ತೊಟ್ಟಿಯಲ್ಲಿಟ್ಟು ಮತ್ತೆ ಮತ್ತೆ ಒತ್ತಡ ಕೊಟ್ಟಾಗ ಲೋಹದ ದಣಿವು ಬಯಲಾಯಿತು. ಬಿರುಗಾಳಿ ಇದ್ದ ದಿನ ಮುರಿದರೆ ಬಿರುಗಾಳಿಯನ್ನು ಮಾತ್ರ ಕೇಳಿ ಬಿಡಬಾರದು ಅಂತ ನಾನು ಹುಡುಗರಿಗೆ ಹೇಳುವಾಗ ಇದನ್ನು ನೆನಪಿಸುತ್ತೇನೆ.

ವೇಗದ ಲೆಕ್ಕ

ಹೊರೆ ಜಾಸ್ತಿಯಾಯಿತಾ ಅಂತ ನೋಡಲು ಒಂದು ಸುಲಭ ಲೆಕ್ಕವಿದೆ. ರೆಕ್ಕೆ ಎತ್ತಬಲ್ಲ ಬಲ ವೇಗದ ವರ್ಗಕ್ಕೆ ಏರುತ್ತದೆ. ವಿಮಾನದ ಸ್ಟಾಲ್ ವೇಗ, ಅಂದರೆ ಅದಕ್ಕಿಂತ ಕಮ್ಮಿಯಾದರೆ ಹಾರಲಾಗದ ವೇಗ, ಗಂಟೆಗೆ 80 ಕಿ.ಮೀ. ಅಂದುಕೊಳ್ಳಿ. 160ರಲ್ಲಿ ಸ್ಟಿಕ್ ಪೂರ್ತಿ ಎಳೆದರೆ ತೂಕದ 4 ಪಟ್ಟು ಹೊರೆ. 200ರಲ್ಲಿ ಎಳೆದರೆ 6.25 ಪಟ್ಟು. ವಿನ್ಯಾಸದ ಮಿತಿ 4 ಪಟ್ಟು ಇದ್ದರೆ, ಅದರ ಮೇಲೆ ಒಂದೂವರೆ ಪಟ್ಟಿನ ಭದ್ರತೆ ಸೇರಿ 6 ಪಟ್ಟಿಗೆ ಮುರಿಯಬಹುದು. 160ರಲ್ಲಿ ಏನೂ ಆಗದ ಕೈತಪ್ಪು 200ರಲ್ಲಿ ರೆಕ್ಕೆ ಕೀಳುತ್ತದೆ.

ಈ ಲೆಕ್ಕಕ್ಕೆ ನಿಜವಾದ ವೇಗ ಬೇಕು. ಕೈಯಲ್ಲಿ ಹಿಡಿಯುವ ಜಿಪಿಎಸ್, ಎಂಜಿನ್ ಮಾನಿಟರ್, ಸತ್ತವರ ಮೊಬೈಲ್ ಇವುಗಳ ಮೆಮೊರಿ ಉಳಿದಿರಬಹುದು. ವಿದ್ಯುತ್ ಕೊಟ್ಟು ಆನ್ ಮಾಡಿ ನೋಡಬೇಡಿ, ಹಾಗೇ ಒಪ್ಪಿಸಿ. ಜಿಪಿಎಸ್ ಕೊಡುವುದು ನೆಲದ ಮೇಲಿನ ವೇಗ, ಗಾಳಿ ಕಳೆಯಬೇಕು. ಇನ್ನೊಂದು, ಮೈಸೂರೇ ಸಮುದ್ರಮಟ್ಟದಿಂದ 700 ಮೀಟರ್‌ಗೂ ಜಾಸ್ತಿ ಮೇಲಿದೆ. ಅದರ ಮೇಲೆ ಇನ್ನೂ 1500 ಮೀಟರ್ ಏರಿದರೆ ವೇಗದ ಮೀಟರ್ ತೋರಿಸುವುದಕ್ಕಿಂತ ನಿಜವೇಗ ಶೇ. 10ಕ್ಕೂ ಜಾಸ್ತಿ. ಮೀಟರ್ ಮುಳ್ಳು ಮಾಮೂಲಿ ವೇಗದ ಹಸಿರು ಗುರುತಿನಲ್ಲಿದ್ದರೂ ಫ್ಲಟರ್ ಕಡೆಗೆ ನೀವು ಅಂದುಕೊಂಡದ್ದಕ್ಕಿಂತ ಹತ್ತಿರ ಇರುತ್ತೀರಿ.

ಕಟ್ಟಿದವರ ಪುಸ್ತಕವನ್ನೂ ಓದಬೇಕು. ನಾನು ಮೊದಲು ಹುಡುಕುವುದು ಬಣ್ಣ ಹೊಡೆದ ತಾರೀಖು. ಐಲೆರಾನ್ ತೂಗಿ ಸಮತೂಕ ಮಾಡಿದ್ದು ಬಣ್ಣಕ್ಕೆ ಮುಂಚೆಯೋ, ಆಮೇಲೋ? ಹಿಂದಿನ ಅಂಚಿಗೆ ಎರಡು ಕೋಟ್ ಬಣ್ಣ, ಸ್ವಲ್ಪ ಪುಟ್ಟಿ ಬಿದ್ದರೆ ಸಾಕು, ಮೊದಲು ಮಾಡಿದ ಸಮತೂಕ ಹೋಯಿತು.

ಶೆಡ್‌ನಲ್ಲಿ ಸಿಕ್ಕಿದ್ದು

ಆ ಭಾನುವಾರ ಹೋಗಿ ನೋಡಿದೆ. ಸ್ಟಿಕ್ ಕಟ್ಟಿಹಾಕಿ, ಒಬ್ಬ ಐಲೆರಾನ್ ಅಲ್ಲಾಡಿಸುವಾಗ ಇನ್ನೊಬ್ಬ ಒಂದೊಂದೇ ಕೀಲಿನ ಮೇಲೆ ಬೆರಳಿಟ್ಟ. ಬೆರಳಿಗೆ ಟಕ್ ಅನ್ನಿಸಿದ ಕೀಲೇ ಕಳ್ಳ. ರೆಕ್ಕೆಯೊಳಗಿನ ಬೆಲ್‌ಕ್ರ್ಯಾಂಕ್‌ನ, ಅಂದರೆ ಕೇಬಲ್ ಎಳೆತದ ದಿಕ್ಕು ತಿರುಗಿಸುವ ತೋಳಿನ, ಬುಶ್ ಸಡಿಲವಿತ್ತು. ಅದು ಅರ್ಧ ಉತ್ತರ. ಟೆನ್ಶನ್ ಮೀಟರ್ ಹಾಕಿದರೆ ಕೇಬಲ್ ಬಿಗಿಯೂ ಕಿಟ್ ಪುಸ್ತಕ ಹೇಳಿದ್ದಕ್ಕಿಂತ ಕಮ್ಮಿ.

"ಏಪ್ರಿಲ್‌ನಲ್ಲಿ ಸರಿಯಾಗೇ ಇಟ್ಟಿದ್ದೆ ಮೇಷ್ಟ್ರೇ, ಬರೆದೂ ಇಟ್ಟಿದೀನಿ" ಅಂದ ಅವನು. ಬರೆದದ್ದು ನಿಜ. ಆದರೆ ಮಧ್ಯಾಹ್ನ ತಗಡಿನ ಶೆಡ್‌ನ ಕಾವಿನಲ್ಲಿ ಇಟ್ಟದ್ದು, ಪುಸ್ತಕದಲ್ಲಿ ತಾಪಮಾನ ಬರೆದಿರಲಿಲ್ಲ. ಬಿಸಿಗೆ ಅಲ್ಯುಮಿನಿಯಂ ಉಕ್ಕಿಗಿಂತ ಜಾಸ್ತಿ ಹಿಗ್ಗುತ್ತದೆ. ರೆಕ್ಕೆ ಹಿಗ್ಗಿದಾಗ ಒಳಗಿನ ಉಕ್ಕಿನ ಕೇಬಲ್ ಬಿಗಿಯಾಗಿ ಕಾಣುತ್ತದೆ, ತಣ್ಣಗಾದರೆ ಸಡಿಲ. ನಾಲ್ಕು ಮೀಟರ್ ಉದ್ದಕ್ಕೆ 25 ಡಿಗ್ರಿ ಇಳಿದರೆ ವ್ಯತ್ಯಾಸ ಒಂದು ಮಿಲಿಮೀಟರ್‌ಗೂ ಸ್ವಲ್ಪ ಜಾಸ್ತಿ. ಡಿಸೆಂಬರ್ ಮುಂಜಾನೆ, ಎರಡು ಕಿಲೋಮೀಟರ್ ಎತ್ತರದಲ್ಲಿ, ಆ ಕೇಬಲ್ ಇನ್ನೂ ಜೋತುಬೀಳುತ್ತಿತ್ತು. ಹಾರಾಟ ಶುರುವಾಗುವುದೂ ಆ ಹೊತ್ತಿಗೇ, ಗಾಳಿ ತಣ್ಣಗೆ ನಿಂತಿರುತ್ತದೆ ಅಂತ.

ಹೊಸ ಬುಶ್ ಕಡೆಸಲು ಕೊಟ್ಟಿದ್ದೇವೆ. ಅದು ಬಂದ ಮೇಲೆ ಎರಡೂ ಐಲೆರಾನ್ ಬಿಚ್ಚಿ, ಬಣ್ಣ ಹೊಡೆದ ಸ್ಥಿತಿಯಲ್ಲೇ ಚಾಕುವಿನ ಅಂಚಿನ ಮೇಲೆ ಕೂರಿಸಿ ಮತ್ತೆ ಸಮತೂಕ ನೋಡಬೇಕು. ಕೇಬಲ್ ಬಿಗಿ ಬೆಳಿಗ್ಗೆ ಆರಕ್ಕೆ ಒಮ್ಮೆ, ಮಧ್ಯಾಹ್ನ ಎರಡಕ್ಕೆ ಒಮ್ಮೆ ಅಳೆದು, ಪಕ್ಕದಲ್ಲಿ ತಾಪಮಾನ ಬರೆಯಬೇಕು. ಗೋಡೆಗೆ ತೂಗುಹಾಕಲು ಒಂದು ಥರ್ಮಾಮೀಟರ್ ಅವನು ಆಗಲೇ ತಂದಿಟ್ಟಿದ್ದಾನೆ.